ಅರ್ಧ ಸವೆದ ಟೈರಿನ ವಿಮರ್ಶೆ: ದಿನದ ಓಡಾಟಕ್ಕೂ ಟ್ರ್ಯಾಕಿಗೂ ಒಂದೇ ಸೆಟ್

ಟೈರುಗಳ ಬಗ್ಗೆ ಅಭಿಪ್ರಾಯ ಬರೆಯುವವರಲ್ಲಿ ಹೆಚ್ಚಿನವರು ಹೊಸ ಸೆಟ್ ಹಾಕಿಸಿದ ಮೊದಲ ವಾರದಲ್ಲೇ ಬರೆದುಬಿಡುತ್ತಾರೆ. ಆ ವಾರದಲ್ಲಿ ಎಲ್ಲ ಟೈರುಗಳೂ ಚೆನ್ನಾಗಿಯೇ ಇರುತ್ತವೆ. ಆದರೆ ವಾರಕ್ಕೆ ಐದು ದಿನ ಕೆಲಸಕ್ಕೆ ಹೋಗಿಬಂದು, ಎರಡು ಮೂರು ತಿಂಗಳಿಗೊಮ್ಮೆ ರೇಸ್ ಟ್ರ್ಯಾಕಿಗೂ ಇಳಿಯುವ ಕಾರು ಹೊಸ ಟೈರಿನ ಮೇಲೆ ಓಡುವ ಕಾಲ ತೀರ ಕಡಿಮೆ. ಅದರ ಬಾಳಿನ ಬಹುಪಾಲು ಸವೆಯುತ್ತಿರುವ ಟೈರಿನ ಮೇಲೆಯೇ ಕಳೆಯುತ್ತದೆ. ಇಂಥ ಟೈರುಗಳ ಟ್ರೆಡ್, ಅಂದರೆ ನೆಲಕ್ಕೆ ತಾಗುವ ಕಾಲುವೆಗಳುಳ್ಳ ರಬ್ಬರು, ಹೊಸದರಲ್ಲಿ ಸಾಮಾನ್ಯವಾಗಿ 7ರಿಂದ 8 ಮಿ.ಮೀ. ಆಳವಿರುತ್ತದೆ. 1.6 ಮಿ.ಮೀ.ಗೆ ಇಳಿದಾಗ ಕಾಲುವೆಗಳ ತಳದಲ್ಲಿರುವ ಸವೆತದ ಗುರುತು ಮೇಲಿನ ರಬ್ಬರಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಟೈರಿನ ಆಯುಸ್ಸು ಮುಗಿಯುತ್ತದೆ. ಇವೆರಡರ ನಡುವಿನ ಐದಾರು ಮಿಲಿಮೀಟರುಗಳಲ್ಲಿ ಟೈರು ತನ್ನ ಗುಣವನ್ನು ಹೇಗೆಲ್ಲ ಬದಲಿಸಿಕೊಳ್ಳುತ್ತದೆ ಎಂಬುದೇ ನನಗೆ ಮುಖ್ಯವಾಗಿ ಕಂಡ ವಿಷಯ. ಆದ್ದರಿಂದ ನನ್ನ ಕಾರಿನಲ್ಲಿ ಈಗಿರುವ ಸೆಟ್ ಸುಮಾರು ಅರ್ಧ ಸವೆಯುವ ತನಕ ಕಾದು ಇದನ್ನು ಬರೆಯುತ್ತಿದ್ದೇನೆ.

ಈಗಿರುವುದು ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್, ಅಳತೆ 225/40 ಆರ್ 18. ಇದಕ್ಕೆ ಮೊದಲು ಇದೇ ಕಾರಿನಲ್ಲಿ ಇದಕ್ಕಿಂತ ಮೃದುವಾದ, ಟ್ರ್ಯಾಕಿನ ಕಡೆಗೆ ಹೆಚ್ಚು ವಾಲಿದ ಸೆಟ್ ಒಂದಿತ್ತು. ಅದನ್ನು ತಯಾರಿಸಿದವರ ಹೆಸರನ್ನು ಹೇಳುವುದಿಲ್ಲ, ಏಕೆಂದರೆ ಮುಂದೆ ಹೇಳಲಿರುವ ಘಟನೆಯಲ್ಲಿ ತಪ್ಪು ಟೈರಿನದಾಗಿರಲಿಲ್ಲ. ಈ ಎರಡು ಸೆಟ್‌ಗಳನ್ನು ಬಿಡಿಸುವ ಗೆರೆ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆಯ ಮೇಲೆಯೇ ಅಚ್ಚಾಗಿದೆ: ಈಗಿನದರ ಮೇಲೆ ಟ್ರೆಡ್‌ವೇರ್ (ಸವೆತದ ಅಂಕಿ) 300, ಹಿಂದಿನದರ ಮೇಲೆ 200.

ಈ ಅಂಕಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಟೈರು ಕೊಳ್ಳುವವರು ಎಲ್ಲಕ್ಕಿಂತ ಹೆಚ್ಚಾಗಿ ನಂಬುವುದು ಇದನ್ನೇ, ತಪ್ಪಾಗಿ ಓದುವುದೂ ಇದನ್ನೇ. ಇದು ಟೈರುಗಳಿಗೆ ದರ್ಜೆ ಕೊಡುವ ಅಮೆರಿಕದ ಯುಟಿಕ್ಯುಜಿ ಪದ್ಧತಿಯ ಅಂಕಿ. ಟೆಕ್ಸಾಸ್ ರಾಜ್ಯದ ಗೊತ್ತುಪಡಿಸಿದ ರಸ್ತೆಗಳಲ್ಲಿ ಪರೀಕ್ಷೆಯ ಟೈರನ್ನೂ ಹೋಲಿಕೆಗೆಂದು ಇಟ್ಟುಕೊಂಡ ಪ್ರಮಾಣದ ಟೈರನ್ನೂ ಹಾಕಿದ ಕಾರುಗಳನ್ನು ಒಟ್ಟಿಗೆ 7,200 ಮೈಲಿ, ಅಂದರೆ ಸುಮಾರು 11,600 ಕಿ.ಮೀ. ಓಡಿಸಿ, ಎರಡರ ಸವೆತವನ್ನು ಹೋಲಿಸಿ ಈ ಅಂಕಿಯನ್ನು ನಿರ್ಧರಿಸುತ್ತಾರೆ. 200 ಎಂದರೆ 100ರ ಟೈರಿಗಿಂತ ಎರಡು ಪಟ್ಟು ಬಾಳಬೇಕು ಎಂಬುದು ತತ್ವ. ಆದರೆ ಅಂಕಿಯನ್ನು ಘೋಷಿಸುವುದು ತಯಾರಕ ಕಂಪನಿಯೇ ಹೊರತು ಬೇರೆ ಯಾರೂ ಅಲ್ಲ. ಹಾಗಾಗಿ ಒಂದೇ ಕಂಪನಿಯ ಎರಡು ಟೈರುಗಳನ್ನು ಹೋಲಿಸಲು ಇದು ನೆರವಾದಷ್ಟು ಎರಡು ಕಂಪನಿಗಳ ಟೈರುಗಳನ್ನು ಹೋಲಿಸಲು ನೆರವಾಗುವುದಿಲ್ಲ. ಇನ್ನೊಂದು ಸಂಗತಿಯೂ ಸೇರಿಕೊಂಡಿದೆ. ರಸ್ತೆಯ ಕಾರುಗಳ ಸ್ಪರ್ಧೆಗಳನ್ನು ನಡೆಸುವ ಅನೇಕ ಸಂಸ್ಥೆಗಳು ಟ್ರೆಡ್‌ವೇರ್ 200ಕ್ಕಿಂತ ಕಡಿಮೆ ಇರುವ ಟೈರುಗಳಿಗೆ ಅವಕಾಶವಿಲ್ಲ ಎಂದು ನಿಯಮ ಮಾಡಿದವು. ಅದರ ಪರಿಣಾಮವಾಗಿ, ಆ ಗೆರೆಯನ್ನು ದಾಟದೆ ಸಾಧ್ಯವಾದಷ್ಟು ಅಂಟುವ ರಬ್ಬರನ್ನು ತಯಾರಿಸುವ ಪೈಪೋಟಿ ಹುಟ್ಟಿ, 200 ಎಂಬುದು ಬಾಳಿಕೆಯ ಅಳತೆಯಾಗಿ ಉಳಿಯದೆ ಒಂದು ವರ್ಗದ ಹೆಸರಾಯಿತು. ಇಂದು 200ರ ಮುದ್ರೆ ಹೊತ್ತ ಎರಡು ಟೈರುಗಳಲ್ಲಿ ಒಂದು ಎರಡೇ ಲ್ಯಾಪ್‌ಗಳಲ್ಲಿ (ಟ್ರ್ಯಾಕಿನ ಸುತ್ತುಗಳಲ್ಲಿ) ಗರಿಷ್ಠ ಹಿಡಿತ ಕೊಟ್ಟು ಬೇಗ ಸವೆಯುವಂಥದ್ದಾಗಿರಬಹುದು, ಇನ್ನೊಂದು ಗಂಟೆಗಟ್ಟಲೆ ಒಂದೇ ಸಮನೆ ಓಡುವಂಥದ್ದಾಗಿರಬಹುದು.

ಪಕ್ಕದಲ್ಲೇ ಇರುವ ಅಕ್ಷರಗಳ ವಿಷಯವೂ ಹೀಗೆಯೇ. 4ಎಸ್ ಮೇಲೆ ಹಿಡಿತಕ್ಕೆ ಎಎ ಎಂಬ ಅತ್ಯುನ್ನತ ದರ್ಜೆ ಇದೆ. ಅದು ಒದ್ದೆ ನೆಲದ ಮೇಲೆ ನೇರವಾಗಿ ಬ್ರೇಕ್ ಹಾಕಿದಾಗಿನ ಹಿಡಿತವನ್ನು ಮಾತ್ರ ಅಳೆಯುತ್ತದೆ. ತಿರುವಿನಲ್ಲಿ ಟೈರು ಹೇಗೆ ವರ್ತಿಸುತ್ತದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ನೀರು ನಿಂತ ರಸ್ತೆಯಲ್ಲಿ ಟೈರು ತೇಲುತ್ತದೆಯೇ ಎಂಬುದನ್ನಂತೂ ಅದು ಮುಟ್ಟುವುದೇ ಇಲ್ಲ. ಜತೆಗೆ ಈ ದರ್ಜೆಗಳಲ್ಲಿ ಯಾವುದೂ ಅರ್ಧ ಸವೆದ ಟೈರಿಗೆ ಕೊಟ್ಟದ್ದಲ್ಲ.

ನನ್ನ ಹಿಂದಿನ ಸೆಟ್, ಅಂದರೆ 200ರ ಟೈರು, ಹೊಸದರಲ್ಲಿ ನನ್ನನ್ನು ಮರುಳು ಮಾಡಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಟ್ರ್ಯಾಕಿನಲ್ಲಿ ಬ್ರೇಕ್ ಹಾಕುವ ಗುರುತನ್ನು ಪ್ರತಿ ಲ್ಯಾಪಿನಲ್ಲೂ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಳ್ಳುತ್ತ ಹೋದರೂ ಕಾರು ತಿರುವಿಗೆ ಮುಂಚೆ ನಿಲ್ಲುತ್ತಲೇ ಇತ್ತು. ಸೆಷನ್ ಮುಗಿಸಿ ಒಳಗೆ ಬಂದು ಟೈರನ್ನು ಮುಟ್ಟಿದರೆ ಅದರ ಮೈ ಕೈಗೆ ಅಂಟುತ್ತಿತ್ತು. ಹೊರ ಅಂಚಿನ ಉದ್ದಕ್ಕೂ ರಬ್ಬರು ಸಣ್ಣ ಸಣ್ಣ ಅಲೆಗಳಾಗಿ ಸುರುಳಿಗೊಂಡಿರುತ್ತಿತ್ತು. ಮನೆಗೆ ಮರಳುವ ದಾರಿಯಲ್ಲಿ ಆ ಬಿಸಿ ರಬ್ಬರು ರಸ್ತೆಬದಿಯ ಜಲ್ಲಿಯನ್ನೆಲ್ಲ ಎತ್ತಿಕೊಂಡು ಚಕ್ರದ ಮೇಲಿನ ತಗಡಿಗೆ ಪಟಪಟನೆ ಎಸೆಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಆ ಸದ್ದೂ ಅಂದು ನನಗೆ ಹಿತವಾಗಿಯೇ ಕೇಳಿಸಿತ್ತು.

ಅರ್ಧ ಸವೆದ ಮೇಲೆ ನಡೆದದ್ದು ಬೇರೆ. ಟ್ರ್ಯಾಕಿನಲ್ಲಿ ಟೈರು ಕಾಯುತ್ತದೆ, ಕಾದಂತೆ ಒಳಗಿನ ಗಾಳಿಯ ಒತ್ತಡ ಏರುತ್ತದೆ; ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಒಂದೂವರೆ ಪಿಎಸ್‌ಐ ಎಂದು ಲೆಕ್ಕ ಹಿಡಿಯಬಹುದು. ಬೆಳಗ್ಗೆ ತಣ್ಣಗಿದ್ದಾಗ 32 ಇದ್ದದ್ದು ಎರಡನೇ ಸೆಷನ್ ಹೊತ್ತಿಗೆ 39 ತೋರಿಸಿತು. ಒತ್ತಡ ಹೆಚ್ಚಾದರೆ ಟೈರಿನ ನಡುಭಾಗ ಉಬ್ಬಿ ನೆಲಕ್ಕೆ ತಾಗುವ ಜಾಗ ಕಡಿಮೆಯಾಗುವುದರಿಂದ, ಎಲ್ಲರೂ ಮಾಡುವಂತೆ ನಾನೂ ಗಾಳಿ ಬಿಟ್ಟು 34ಕ್ಕೆ ಇಳಿಸಿಕೊಂಡೆ. ಸಂಜೆ ಹೊರಡುವಾಗ ಮತ್ತೆ ತುಂಬಿಸಿಕೊಳ್ಳಲಿಲ್ಲ. ದಾರಿಯಲ್ಲಿ ಮಳೆ ಹಿಡಿಯಿತು. ಟೈರುಗಳು ತಣ್ಣಗಾಗಿ ಒತ್ತಡ 27ರ ಸುಮಾರಿಗೆ ಇಳಿದಿತ್ತು, ಟ್ರೆಡ್ 4 ಮಿ.ಮೀ. ಕೂಡ ಉಳಿದಿರಲಿಲ್ಲ. ಹೆದ್ದಾರಿಯ ಒಂದು ಉದ್ದನೆಯ ತಿರುವಿನಲ್ಲಿ, ನಾನು ಅವಸರದಲ್ಲೇನೂ ಇಲ್ಲದಿದ್ದಾಗ, ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವಾಯಿತು. ಚಕ್ರಕ್ಕೂ ಕೈಗೂ ನಡುವಿನ ನಂಟೇ ಕಡಿದುಹೋದ ಹಾಗೆ. ಕಾರು ತಾನು ಹೋಗುತ್ತಿದ್ದ ದಿಕ್ಕಿನಲ್ಲೇ ಒಂದು ಕ್ಷಣ ಜಾರಿ, ನೀರು ಮುಗಿದ ಕಡೆ ಮತ್ತೆ ನೆಲ ಹಿಡಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಒಂದು ಕ್ಷಣ ಟೈರು ಆರಿಸುವ ನನ್ನ ರೀತಿಯನ್ನೇ ಬದಲಿಸಿತು.

ಅದರ ಕಾರಣವನ್ನು ಬಿಡಿಸಿ ನೋಡುವುದು ಅಗತ್ಯ. ಟ್ರೆಡ್‌ನ ಕಾಲುವೆಗಳಿಗಿರುವ ಮುಖ್ಯ ಕೆಲಸ ನೀರನ್ನು ಪಕ್ಕಕ್ಕೆ ಸಾಗಿಸುವುದು. ಆಳ ಕಡಿಮೆಯಾದಷ್ಟೂ ಅವು ಹಿಡಿಯಬಲ್ಲ ನೀರು ಕಡಿಮೆ. ಉಳಿದ ನೀರು ಟೈರಿನ ಮುಂದೆ ಬೆಣೆಯಂತೆ ನಿಂತು ಅದನ್ನು ಮೇಲಕ್ಕೆ ಎತ್ತುತ್ತದೆ. ಟೈರಿನೊಳಗಿನ ಒತ್ತಡ ಕಡಿಮೆ ಇದ್ದಷ್ಟೂ ಹಾಗೆ ಎತ್ತಿ ತೇಲಿಸುವುದು ನೀರಿಗೆ ಸುಲಭ, ಅಂದರೆ ಇನ್ನೂ ಕಡಿಮೆ ವೇಗದಲ್ಲೇ ತೇಲಾಟ ಶುರುವಾಗುತ್ತದೆ. 200ರ ವರ್ಗದ ಹೆಚ್ಚಿನ ಟೈರುಗಳಲ್ಲಿ ನೆಲಕ್ಕೆ ತಾಗುವ ರಬ್ಬರು ಹೆಚ್ಚಿರಲೆಂದು ಕಾಲುವೆಗಳನ್ನು ಮೊದಲೇ ಕಡಿಮೆ ಮಾಡಿರುತ್ತಾರೆ. ಅಂಥ ಟೈರು ಅರ್ಧ ಸವೆದಾಗ ಉಳಿಯುವ ನೀರಿನ ದಾರಿ, ಸಾಧಾರಣ ಟೈರು ಅರ್ಧ ಸವೆದಾಗ ಉಳಿಯುವುದಕ್ಕಿಂತ ಎಷ್ಟೋ ಕಡಿಮೆ. ಗಾಳಿ ತುಂಬಿಸಿಕೊಳ್ಳದೆ ಹೊರಟದ್ದು ನನ್ನ ತಪ್ಪು. ಆದರೆ ಆ ತಪ್ಪನ್ನು ಸಹಿಸಿಕೊಳ್ಳುವಷ್ಟು ಆಳ ಟೈರಿನಲ್ಲಿ ಉಳಿದಿರಲಿಲ್ಲ.

ವಿಚಿತ್ರವೆಂದರೆ ಅದೇ ವಾರದಲ್ಲಿ ಒಣ ಟ್ರ್ಯಾಕಿನಲ್ಲಿ ಆ ಟೈರು ಹೊಸದಿದ್ದಾಗಿನದಕ್ಕಿಂತ ಚೆನ್ನಾಗಿ ಓಡಿತ್ತು. ಇದಕ್ಕೂ ಕಾರಣವಿದೆ. ಆಳವಾದ ಟ್ರೆಡ್‌ನಲ್ಲಿ ಕಾಲುವೆಗಳ ನಡುವಿನ ಒಂದೊಂದು ಬ್ಲಾಕೂ ತಿರುವಿನ ಬಲಕ್ಕೆ ಅಳಿಸುವ ರಬ್ಬರಿನ ತುಂಡಿನಂತೆ ಬಾಗುತ್ತದೆ, ಬಾಗಿ ಬಾಗಿ ಕಾಯುತ್ತದೆ, ಕಾದು ಅಂಚಿನಿಂದ ಕಿತ್ತುಬರುತ್ತದೆ. ಸವೆದು ಗಿಡ್ಡವಾದ ಬ್ಲಾಕು ಅಷ್ಟು ಬಾಗುವುದಿಲ್ಲ. ಸ್ಟೀರಿಂಗ್ ತಿರುಗಿಸಿದ ತಕ್ಷಣ ಕಾರು ಮಾತು ಕೇಳುತ್ತದೆ, ಬಿಸಿಯೂ ಹಿಡಿತದಲ್ಲಿರುತ್ತದೆ. ಸ್ಪರ್ಧೆಗೆಂದೇ ಬಳಸುವವರು ಹೊಸ ಟೈರಿನ ಟ್ರೆಡ್ಡನ್ನು ಯಂತ್ರದಲ್ಲಿ ಕೆತ್ತಿಸಿ ತೆಳುವಾಗಿಸಿಕೊಳ್ಳುವುದು ಇದಕ್ಕಾಗಿಯೇ. ಅಂದರೆ ಟೈರು ಸವೆದಂತೆ ಒಣ ಟ್ರ್ಯಾಕಿನಲ್ಲಿ ಅದರ ಬೆಲೆ ಏರುತ್ತದೆ, ಒದ್ದೆ ರಸ್ತೆಯಲ್ಲಿ ಇಳಿಯುತ್ತದೆ. ಒಂದೇ ಸೆಟ್‌ನಲ್ಲಿ ಎರಡು ಕೆಲಸವನ್ನೂ ಮಾಡಿಸುವವನು ಈ ಏರಿಳಿತದಲ್ಲಿ ಎಲ್ಲಿ ನಿಲ್ಲಬೇಕೆಂದು ಕೊಳ್ಳುವ ಮೊದಲೇ ತೀರ್ಮಾನಿಸಿರಬೇಕು. ಲ್ಯಾಪ್ ಸಮಯ ಎರಡು ಸೆಕೆಂಡು ಹೆಚ್ಚಾದರೂ ಚಿಂತೆಯಿಲ್ಲ, ಮಳೆಯಲ್ಲಿ ನಿಶ್ಚಿಂತೆಯಿಂದ ಮನೆ ಸೇರಬೇಕು ಎಂದು ನಾನು ತೀರ್ಮಾನಿಸಿ 300ಕ್ಕೆ ಬಂದೆ.

ಪೈಲಟ್ ಸ್ಪೋರ್ಟ್ 4ಎಸ್ ಅಸಮಪಾರ್ಶ್ವದ ಟೈರು, ಅಂದರೆ ಒಳಬದಿ ಹೊರಬದಿಗಳ ವಿನ್ಯಾಸ ಬೇರೆ ಬೇರೆ. ಅದರ ಟ್ರೆಡ್‌ನಲ್ಲಿ ಎರಡು ಬಗೆಯ ರಬ್ಬರು ಇದೆ. ಹೊರ ಅಂಚಿನದು ಒಣ ನೆಲದ ತಿರುವಿಗೆ, ನಡುವಿನದು ಮತ್ತು ಒಳಬದಿಯದು ಒದ್ದೆ ನೆಲಕ್ಕೆ. ಸಿಲಿಕಾ ಬೆರೆತ ರಬ್ಬರು ತಣ್ಣಗಿದ್ದಾಗಲೂ ನೆಲದ ಸಣ್ಣ ಉಬ್ಬುತಗ್ಗುಗಳ ಒಳಗೆ ಇಳಿಯುವಷ್ಟು ಮೆತ್ತಗಿರುತ್ತದೆ, ಮತ್ತು ಟೈರಿನ ಹಿಡಿತದಲ್ಲಿ ಒಂದು ದೊಡ್ಡ ಪಾಲು ಹೀಗೆ ಇಳಿದು ಹಿಂತಿರುಗುವಾಗ ರಬ್ಬರು ಕಳೆದುಕೊಳ್ಳುವ ಶಕ್ತಿಯಿಂದಲೇ ಬರುತ್ತದೆ. ಬೆಳಗ್ಗೆ ಮನೆಯಿಂದ ಹೊರಟು ಮೊದಲ ತಿರುವಿನಲ್ಲೇ ನಂಬಬಹುದಾದ ಟೈರು ದಿನದ ಓಡಾಟಕ್ಕೆ ಬೇಕು. ಹತ್ತು ನಿಮಿಷ ಕಾಯಿಸಿದ ಮೇಲೆ ಎಚ್ಚರಗೊಳ್ಳುವ ಟೈರು ಬೇಡ. ಅರ್ಧ ಸವೆದ ಈ ಹೊತ್ತಿನಲ್ಲೂ ಒದ್ದೆ ರಸ್ತೆಯಲ್ಲಿ ಈ ಸೆಟ್ ಬ್ರೇಕ್ ಹಿಡಿಯುವ ರೀತಿ ನನಗೆ ಪೂರ್ತಿ ತೃಪ್ತಿ ತಂದಿದೆ. ಒಂದು ಎಚ್ಚರಿಕೆ ಮಾತ್ರ ಎರಡು ವರ್ಗಗಳಿಗೂ ಅನ್ವಯಿಸುತ್ತದೆ. ಇವು ಬೇಸಿಗೆಯ ಟೈರುಗಳು. 7 ಡಿಗ್ರಿಗಿಂತ ಕೆಳಗೆ ಇವುಗಳ ರಬ್ಬರು ಗಡುಸಾಗುತ್ತ ಹೋಗುತ್ತದೆ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಓಡಿಸಿದರೆ ಟ್ರೆಡ್ ಬಿರುಕು ಬಿಡುವ ಅಪಾಯವೂ ಇದೆ.

ಟ್ರ್ಯಾಕಿನಲ್ಲಿ 300ರ ವರ್ಗದ ಟೈರಿಗೆ ಅದರದೇ ಆದ ಮಿತಿ ಇದೆ. ಮೊದಲ ಮೂರು ಲ್ಯಾಪ್‌ಗಳಲ್ಲಿ ಯಾವ ದೂರಿಗೂ ಆಸ್ಪದವಿರುವುದಿಲ್ಲ. ನಾಲ್ಕನೆಯದರಿಂದ ಮುಂದೆ, ವಿಶೇಷವಾಗಿ ಮುಂದಿನ ಚಕ್ರಗಳಿಗೇ ಎಂಜಿನ್ನಿನ ಬಲವೂ ಹೋಗುವ ನನ್ನಂಥ ಕಾರಿನಲ್ಲಿ, ಸ್ಟೀರಿಂಗ್‌ನ ಸ್ಪಷ್ಟತೆ ಮಸುಕಾಗುತ್ತ, ಕಾರಿನ ಮೂಗು ತಿರುವಿನ ಹೊರಗೆ ಹೊರಗೆ ಹೋಗತೊಡಗುತ್ತದೆ. ಟೈರು ಆಗ ಕಿರುಚುವ ದನಿಯೂ ಬದಲಾಗುತ್ತದೆ: ಹಿಡಿತ ಇರುವಾಗಿನ ಸಣ್ಣ ಒಂದೇ ಸಮನೆಯ ದನಿ ಹೋಗಿ, ಒಡೆದ, ದಪ್ಪ ದನಿ ಬರುತ್ತದೆ. ಅದನ್ನು ಕೇಳಿದ ಕೂಡಲೇ ನಾನು ಒಂದು ಲ್ಯಾಪ್ ನಿಧಾನವಾಗಿ ಸುತ್ತುತ್ತೇನೆ. ಅಷ್ಟಾದರೆ ಮತ್ತೆ ಎರಡು ಒಳ್ಳೆಯ ಲ್ಯಾಪ್‌ಗಳು ಸಿಗುತ್ತವೆ. ಇಪ್ಪತ್ತು ನಿಮಿಷ ಎಡೆಬಿಡದೆ ಒತ್ತಿ ಓಡಿಸಬೇಕೆನ್ನುವವರಿಗೆ ಈ ವರ್ಗ ಹೇಳಿಮಾಡಿಸಿದ್ದಲ್ಲ. ಟ್ರ್ಯಾಕನ್ನು ಕಲಿಯುತ್ತಿರುವವರಿಗಾದರೋ ಇದೇ ಒಳ್ಳೆಯ ಮೇಷ್ಟ್ರು ಎಂಬುದು ನನ್ನ ಅನುಭವ, ಏಕೆಂದರೆ ಇದು ಜಾರುವ ಮೊದಲು ಹೇಳುತ್ತದೆ, ನಿಧಾನವಾಗಿ ಜಾರುತ್ತದೆ, ಮತ್ತು ತಪ್ಪನ್ನು ಹಿಡಿತದ ಹಿಂದೆ ಮುಚ್ಚಿಡುವುದಿಲ್ಲ.

ಯಾವ ಟೈರು ಕೊಂಡರೂ ಅದನ್ನು ಬೇಗ ಹಾಳು ಮಾಡುವುದು ಸರಿಯಿಲ್ಲದ ಕ್ಯಾಂಬರ್, ಅಂದರೆ ಎದುರಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ. ರಸ್ತೆಯ ಕಾರುಗಳಲ್ಲಿ ಚಕ್ರ ಬಹುಮಟ್ಟಿಗೆ ನೆಟ್ಟಗೆ ನಿಂತಿರುವಂತೆ ಕೋನ ಇಟ್ಟಿರುತ್ತಾರೆ. ಟ್ರ್ಯಾಕಿನ ತಿರುವಿನಲ್ಲಿ ಕಾರು ವಾಲಿದಾಗ ಆ ಚಕ್ರ ಹೊರ ಅಂಚಿನ ಮೇಲೆ ನಿಲ್ಲುತ್ತದೆ, ಇಡೀ ಭಾರ ಎರಡು ಬೆರಳಗಲದ ರಬ್ಬರಿನ ಮೇಲೆ ಬೀಳುತ್ತದೆ. ನನ್ನ ಹಿಂದಿನ ಸೆಟ್‌ನ ಮುಂದಿನ ಟೈರುಗಳಲ್ಲಿ ಒಳಬದಿ 5 ಮಿ.ಮೀ. ಇದ್ದಾಗ ಹೊರ ಅಂಚು ಬೋಳಾಗಿತ್ತು. ಅರ್ಧ ಟೈರನ್ನು ಬಳಸದೆಯೇ ಎಸೆದಂತಾಯಿತು. ಈ ಬಾರಿ ಮುಂದಿನ ಚಕ್ರಗಳಿಗೆ ಸುಮಾರು ಎರಡು ಡಿಗ್ರಿ ಒಳವಾಲು ಕೊಡಿಸಿದ್ದೇನೆ. ದಿನದ ಓಡಾಟದಲ್ಲಿ ಒಳ ಅಂಚು ಸ್ವಲ್ಪ ಹೆಚ್ಚು ಸವೆಯುತ್ತದೆ, ಟ್ರ್ಯಾಕಿನಲ್ಲಿ ಹೊರ ಅಂಚು. ಒಟ್ಟಿನಲ್ಲಿ ಟೈರು ಸಮನಾಗಿ ಸವೆಯುತ್ತಿದೆ. ಹೀಗೆ ಮಾಡುವಾಗ ಚಕ್ರಗಳ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸೊನ್ನೆಯ ಹತ್ತಿರವೇ ಇರಬೇಕು, ಏಕೆಂದರೆ ಒಳ ಅಂಚನ್ನು ವೇಗವಾಗಿ ತಿನ್ನುವುದು ಕ್ಯಾಂಬರ್‌ಗಿಂತ ಹೆಚ್ಚಾಗಿ ತಪ್ಪು ಟೋ. ಸೆಷನ್ ಮುಗಿದ ತಕ್ಷಣ ಸೂಜಿ ಚುಚ್ಚಿ ಅಳೆಯುವ ಥರ್ಮಾಮೀಟರಿನಿಂದ ಒಳ, ನಡು, ಹೊರ ಭಾಗಗಳ ಬಿಸಿಯನ್ನು ನೋಡುವ ಅಭ್ಯಾಸ ಇಟ್ಟುಕೊಂಡರೆ ಕೋನ ಸರಿ ಇದೆಯೇ, ಗಾಳಿ ಸರಿ ಇದೆಯೇ ಎಂಬುದು ಊಹೆಯ ಮಾತಾಗಿ ಉಳಿಯುವುದಿಲ್ಲ.

ಹಾಕಿಸುವಾಗಿನ ಒಂದು ಕಹಿ ಅನುಭವವನ್ನೂ ದಾಖಲಿಸಬೇಕು. ಅಸಮಪಾರ್ಶ್ವದ ಟೈರಿನ ಸೈಡ್‌ವಾಲ್ ಮೇಲೆ ಹೊರಬದಿ ಯಾವುದು ಎಂದು ಬರೆದೇ ಇರುತ್ತದೆ. ಆದರೂ ನಾನು ಹೋದ ಅಂಗಡಿಯಲ್ಲಿ ನಾಲ್ಕರಲ್ಲಿ ಒಂದನ್ನು ಒಳಹೊರಗು ಮಾಡಿ ರಿಮ್ಮಿಗೆ ಕೂರಿಸಿದ್ದರು. ಬ್ಯಾಲೆನ್ಸಿಂಗ್ ಆಗಿತ್ತು, ಬಿಲ್ ಆಗಿತ್ತು, ನಾನೂ ನೋಡಿರಲಿಲ್ಲ. ಒಂದು ವಾರದ ನಂತರ ಕಾರು ತೊಳೆಯುವಾಗ ಆ ಅಕ್ಷರಗಳು ಮೂರು ಚಕ್ರಗಳಲ್ಲಿ ಮಾತ್ರ ಕಂಡವು. ಅಂಗಡಿಯಿಂದ ಹೊರಡುವ ಮೊದಲು ನಾಲ್ಕೂ ಚಕ್ರಗಳ ಸುತ್ತ ಒಮ್ಮೆ ನಡೆದುಬರುವುದಕ್ಕೆ ಎರಡು ನಿಮಿಷ ಸಾಕು. ಆಗಲೇ ತಯಾರಾದ ದಿನಾಂಕವನ್ನೂ ಓದಬಹುದು: ಸೈಡ್‌ವಾಲ್ ಮೇಲೆ ಡಾಟ್ (DOT) ಎಂದು ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ನಂತರದವು ವರ್ಷ; 2324 ಎಂದರೆ 2024ರ 23ನೇ ವಾರ.

ಅಳತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರಿಗೆ ಹೇಳಿದ ಸುತ್ತಳತೆಯನ್ನು ಬಿಡಬಾರದು, ಭಾರ ಹೊರುವ ಸೂಚ್ಯಂಕ ಮೂಲ ಟೈರಿಗಿಂತ ಕಡಿಮೆ ಇರಬಾರದು. ನನ್ನದರ ಮೇಲಿರುವ 92 ವೈ ಎಂದರೆ ಒಂದು ಟೈರು 630 ಕೆ.ಜಿ. ಹೊರಬಲ್ಲದು, ಗಂಟೆಗೆ 300 ಕಿ.ಮೀ. ವೇಗ ತಾಳಬಲ್ಲದು. ಕಿರಿದಾದ ರಿಮ್ಮಿಗೆ ಅಗಲದ ಟೈರು ಹಾಕಿದರೆ ಸೈಡ್‌ವಾಲ್ ಬಾಗಿ, ಅಗಲದಿಂದ ಬಂದ ಲಾಭವೆಲ್ಲ ಸ್ಟೀರಿಂಗ್‌ನ ಮಂಪರಿನಲ್ಲಿ ಕಳೆದುಹೋಗುತ್ತದೆ.

ಬೇರೆ ಆಯ್ಕೆಗಳಲ್ಲಿ, 4ಎಸ್ ಹೊಂದದವರು ಕಾಂಟಿನೆಂಟಲ್‌ನ ಎಕ್ಸ್‌ಟ್ರೀಮ್‌ಕಾಂಟ್ಯಾಕ್ಟ್ ಸ್ಪೋರ್ಟ್ 02 ಅನ್ನು ನೋಡಬಹುದು. ಅದರ ಟ್ರೆಡ್‌ವೇರ್ 340, ಸ್ವಭಾವದಲ್ಲಿ ಇದೇ ವರ್ಗ. 200ರ ವರ್ಗಕ್ಕೇ ಹೋಗುವವರು ತಮ್ಮ ಸ್ಪರ್ಧೆಯ ಬಗೆಯನ್ನು ನೋಡಿ ಆರಿಸಬೇಕು. ಒಂದೊಂದು ನಿಮಿಷದ ಸಣ್ಣ ಓಟಗಳಿಗೆ, ಬೇಗ ಕಾದು ಗರಿಷ್ಠ ಹಿಡಿತ ಕೊಡುವ ಬ್ರಿಡ್ಜ್‌ಸ್ಟೋನ್ ಪೊಟೆಂಜಾ ಆರ್‌ಇ-71ಆರ್‌ಎಸ್‌ಗೆ ಒಳ್ಳೆಯ ಹೆಸರಿದೆ. ದೀರ್ಘ ಓಟಗಳವರು ಹ್ಯಾಂಕೂಕ್ ವೆಂಟಸ್ ಆರ್-ಎಸ್4 ಅನ್ನು ಅದರ ಬಾಳಿಕೆಗಾಗಿ ಬಳಸುತ್ತಾರೆ. ದಿನವೂ ಓಡುವ ಕಾರಿಗೆ 200ರದ್ದೇ ಬೇಕೆಂದರೆ ನಾನು ಎರಡನೆಯ ಬಗೆಯನ್ನೇ ಆರಿಸುತ್ತೇನೆ. ಟೊಯೊ ಪ್ರಾಕ್ಸೆಸ್ ಆರ್888ಆರ್‌ನಂಥ 100ರ ಟೈರುಗಳು ರಸ್ತೆಗೆ ಕಾನೂನುಬದ್ಧವಾಗಿದ್ದರೂ ದಿನದ ಓಡಾಟದ ಟೈರುಗಳಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಲುವೆಗಳನ್ನು ಒಮ್ಮೆ ನೋಡಿದರೆ ಸಾಕು, ಮಳೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಟೈರು ಅದಲ್ಲವೆಂದು ತಿಳಿಯುತ್ತದೆ.

ವರ್ಷಕ್ಕೆ ಐದಾರು ದಿನಕ್ಕಿಂತ ಹೆಚ್ಚು ಟ್ರ್ಯಾಕಿಗೆ ಹೋಗುವವರು ಈ ರಾಜಿಯನ್ನೇ ಕೈಬಿಟ್ಟು ಇನ್ನೊಂದು ಸೆಟ್ ರಿಮ್ ಇಟ್ಟುಕೊಳ್ಳುವುದು ಲೇಸು. ರಸ್ತೆಯ ಸೆಟ್ ಆಳವಾಗಿ ಉಳಿಯುತ್ತದೆ, ಟ್ರ್ಯಾಕಿನ ಸೆಟ್ ಬೋಳಾಗುವ ತನಕ ಒಣ ನೆಲದಲ್ಲಿ ಕೆಲಸಕ್ಕೆ ಬರುತ್ತದೆ. ಎರಡನ್ನೂ ಇಡಲು ಜಾಗ ಬೇಕು, ಬೆಳಗ್ಗೆ ಬೇಗ ಎದ್ದು ಚಕ್ರ ಬದಲಿಸುವ ತಾಳ್ಮೆ ಬೇಕು, ಮತ್ತು ಪ್ರತಿ ಸಲವೂ ಬಿಗಿತವನ್ನು ಅಳೆಯುವ ಟಾರ್ಕ್ ರೆಂಚಿನಿಂದಲೇ ನಟ್ಟು ಬಿಗಿದು, ಸ್ವಲ್ಪ ದೂರ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸುವ ಶಿಸ್ತು ಬೇಕು.

ನಿನ್ನೆ ಸಂಜೆ ಆಳ ಅಳೆಯುವ ಗೇಜನ್ನು ನಾಲ್ಕೂ ಟೈರುಗಳಿಗೆ ಇಟ್ಟು ನೋಡಿದೆ. ಹಿಂದಿನವು 5.5 ಮಿ.ಮೀ., ಮುಂದಿನವು ಒಳಬದಿಯಲ್ಲಿ 4.3, ಹೊರ ಅಂಚಿನಲ್ಲಿ 4.1. ಆಳವಿರುವ ಜೋಡಿಯನ್ನು ಹಿಂದೆಯೇ ಉಳಿಸಿದ್ದೇನೆ. ಒದ್ದೆ ರಸ್ತೆಯಲ್ಲಿ ಕಾರಿನ ಹಿಂಭಾಗ ಮೊದಲು ಜಾರಿದರೆ ಅದನ್ನು ಸರಿಪಡಿಸುವುದು ಮುಂಭಾಗ ಜಾರಿದ್ದಕ್ಕಿಂತ ಬಹಳ ಕಷ್ಟ. ಕಾರಿನಲ್ಲಿ ಈಗ ಚಿಕ್ಕ ಕಂಪ್ರೆಸರ್ ಒಂದು ಖಾಯಂ ಇದೆ, ಟ್ರ್ಯಾಕಿನ ಗೇಟು ದಾಟುವ ಮೊದಲು ಬಿಟ್ಟ ಗಾಳಿಯನ್ನು ಮತ್ತೆ ತುಂಬಿಸಿ, ಮರುದಿನ ಬೆಳಗ್ಗೆ ಟೈರು ಪೂರ್ತಿ ತಣ್ಣಗಾದ ಮೇಲೆ 32ಕ್ಕೆ ಸರಿಮಾಡುತ್ತೇನೆ. ಇನ್ನು ಎರಡು ಟ್ರ್ಯಾಕ್ ದಿನಗಳಿಗೆ ಈ ಸೆಟ್ ಬರುತ್ತದೆಂದು ನನ್ನ ಲೆಕ್ಕ. ಮುಂದಿನ ಜೋಡಿ 3 ಮಿ.ಮೀ. ಮುಟ್ಟಿದ ದಿನ, ಕಾನೂನು ಇನ್ನೂ ಓಡಿಸಬಹುದು ಎಂದರೂ, ಇದೇ ಟೈರಿನ ಹೊಸ ಸೆಟ್ ಹಾಕಿಸುತ್ತೇನೆ.